ಕುಬಸದ ಮೇಲಿನ ಅರಮನೆ

೧೯೭೮ರ ಜನವರಿಯಲ್ಲಿ, ಹಡಗಿನ ಕೆಲಸಕ್ಕಿದ್ದ ಸೋದರಮಾವ ಗುಳೇದಗುಡ್ಡದ ನಮ್ಮ ಮನೆಗೆ ಬಂದಾಗ ಒಂದು ಕ್ಯಾಲೆಂಡರ್ ತಂದಿದ್ದ. ಅದರಲ್ಲಿ ಉತ್ತರ ಆಫ್ರಿಕದ ಕಡಲ ದಂಡೆಯ ಹಳೆಯ ಅರಮನೆಯೊಂದರ ಚಿತ್ರ. ಕೆಳಗೆ ಕುದುರೆಲಾಳದಂಥ ಕಮಾನುಗಳು, ಮೂಲೆಯಲ್ಲಿ ಚೌಕ ಮಿನಾರು. ಮೇಲಂತಸ್ತಿಗೆ ಮಾತ್ರ ಯುರೋಪಿನ ಉದ್ದ ಕಿಟಕಿಗಳು, ಕೆಂಪು ಹಂಚು. ಕಟ್ಟಿಸಿದವನಿಗೆ ಎರಡೂ ಕಡೆಯದು ಬೇಕಿತ್ತಂತೆ. ಅಂದೇ ದಿನಚರಿಯಲ್ಲಿ ಬರೆದುಕೊಂಡೆ: ಕಮಾನು ಒಂಬತ್ತು, ಅರ್ಧ ಮರೆಯಾದದ್ದು ಒಂದು.

ಅಜ್ಜಿ, ಮೆಟ್ಟಿಲುಗಳ ಮೇಲೆ ಬಟ್ಟೆ ಒಗೆಯುವ ಬಾದಾಮಿಯ ಹೊಂಡಕ್ಕಿಂತ ದೊಡ್ಡ ನೀರು ಕಂಡವಳಲ್ಲ. ಚಿತ್ರವನ್ನು ಬಹಳ ಹೊತ್ತು ನೋಡಿ, “ಇಷ್ಟ ನೀರೈತಿ, ಒಂದ ಪಾವಟಿಗಿ ಇಲ್ಲ. ಅರಿವಿ ಎಲ್ಲಿ ಒಗೀತಾರೋ?” ಎಂದು ಮಾವನನ್ನು ಕೇಳಿದಳು. ರಾಣಿಯರು ಬಟ್ಟೆ ಒಗೆಯುವುದಿಲ್ಲ ಎಂದು ಅವನು ಹೇಳಿದ್ದನ್ನು ನಂಬಲಿಲ್ಲ.

ಮೇ ತಿಂಗಳಲ್ಲಿ ಅಕ್ಕನ ಮದುವೆಯಿತ್ತು, ಗಂಡಿನದು ಹುನಗುಂದದ ಮನೆತನ. ನೇಕಾರನ ಮಗಳ ಕುಬಸಕ್ಕೆ, ಅವಳ ಮದುವೆಯ ರವಿಕೆಗೆ, ಅಂಗಡಿಯ ಖಣ ತರುವುದುಂಟೇ? ಅಪ್ಪನೇ ನೇಯಬೇಕು. ಯಾವ ನಮೂನೆ ಬೇಕೆಂದು ಕೇಳಿದಾಗ ಅಕ್ಕ ಸುಮ್ಮನೆ ಕ್ಯಾಲೆಂಡರಿನತ್ತ ಬೆರಳು ಮಾಡಿದಳು. ಅವಳು ಏನನ್ನೂ ಕೇಳಿದವಳಲ್ಲ. ಹೊರಡುವ ಮುಂಚೆ ಕೇಳಿದ್ದು ಇದೊಂದೇ ಎಂದು ಅಪ್ಪ ಹಟ ಹಿಡಿದು ಕೂತ. ಬೆರಳಿನ ಉಗುರಿನಷ್ಟು ಕಮಾನು, ಅದರ ಮೇಲೆ ಪುಟ್ಟ ಕಿಟಕಿ, ಬುಡದಲ್ಲಿ ಕಡಲಿಗೊಂದು ನೀಲಿ ಗೆರೆ. ಮಗ್ಗದ ಮೇಲೆ ಸಾಲು ಸಾಲಾಗಿ ಅರಮನೆಗಳು ಎದ್ದು ನಿಂತವು.

ಮದುವೆಯ ಹಿಂದಿನ ದಿನ ಸಿಂಪಿಗ ಕುಬಸ ಹೊಲಿದು ತಂದ. ಅಕ್ಕ ತೊಟ್ಟು ಬಂದಾಗ ಅರಮನೆಗಳೆಲ್ಲ ಅಡ್ಡ ಮಲಗಿದ್ದವು. ಕಡಲು ತೋಳಿನುದ್ದಕ್ಕೆ ನೆಟ್ಟಗೆ ನಿಂತಿತ್ತು. ಖಣದ ಅಂಚು ತೋಳಿನ ಕೊನೆಗೆ ಬರುವಂತೆ ಕತ್ತರಿಸುವುದು ರೂಢಿ, ಹಾಗಾಗಿ ನೇಯ್ದದ್ದು ತೊಟ್ಟಾಗ ಅಡ್ಡ ತಿರುಗುತ್ತದೆ. ನಾವು ಸದಾ ನೇಯುವ ಖಣದ ಚಿಕ್ಕೆಗಳು ಯಾವ ಕಡೆಯಿಂದ ನೋಡಿದರೂ ಒಂದೇ. ಮೇಲು ಯಾವುದು, ಕೆಳಗು ಯಾವುದು ಎಂದು ಅಪ್ಪ ಜನ್ಮದಲ್ಲಿ ಯೋಚಿಸಿರಲಿಲ್ಲ.

ಇನ್ನೊಂದು ನೇಯಲು ಹೊತ್ತಿರಲಿಲ್ಲ. ಅವ್ವ ಪೆಟ್ಟಿಗೆಯಿಂದ ಬೇರೆ ಕುಬಸ ತೆಗೆದಳು. ಅಪ್ಪ ಮಗ್ಗದ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ.

“ಅಷ್ಟ ದೂರದಿಂದ ಬಂದೈತಿ, ಮಲಗ್ಲಿ ಬಿಡ್ರಿ,” ಎಂದಳು ಅಜ್ಜಿ.

ಅಕ್ಕ ನಗಲಿಲ್ಲ. “ನಾ ಇದನ್ನ ತೊಟ್ಕೊಂಡ ಹೋಗ್ತೇನಿ,” ಎಂದಷ್ಟೇ ಹೇಳಿದಳು.

ಮರುದಿನ ಸಂಜೆ ಬೀಗರ ಬಸ್ಸಿನಲ್ಲಿ ಕೂತ ಅಕ್ಕ, ಅತ್ತು ದಣಿದು, ಅದೇ ಕುಬಸದ ತೋಳನ್ನು ಕಿಟಕಿಯ ಮೇಲೆ ಅಡ್ಡಕ್ಕೆ ಚಾಚಿ ಒರಗಿದಳು. ಕೆಳಗೆ ನಿಂತಿದ್ದ ಅಪ್ಪ ಆ ತೋಳನ್ನೇ ನೋಡಿದ. ಎರಡು ದಿನದಲ್ಲಿ ಮೊದಲ ಸಲ ಅವನ ಮುಖ ಸಡಿಲಾಯಿತು.

“ಈಗ ನೆಟ್ಟಗ ನಿಂತೈತಿ ನೋಡವಾ,” ಎಂದ.

ಬಸ್ಸು ಓಣಿ ತಿರುಗುವವರೆಗೂ ಅಕ್ಕ ಆ ತೋಳನ್ನು ಅಲುಗಿಸಲಿಲ್ಲ.