ಬಾಲಮ್ಮ ಕೇಳಿದ ಹಸಿರು

ನನ್ನ ಅಕ್ಷರ ಕೋಳಿ ಕೆದರಿದಂತಿದೆ, ಪದಗಳೂ ಸರಿಯಾಗಿ ಸಿಗುವುದಿಲ್ಲ. ಎಂಟನೇ ಇಯತ್ತೆಗೇ ಶಾಲೆ ಬಿಟ್ಟವಳು. ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ಬಾಲಮ್ಮ ನನ್ನ ಅಜ್ಜಿ. ಮಾತು ಹೆಚ್ಚುಕಡಿಮೆ ಆಗದಿರಲೆಂದು ಬೇರೆಯವರ ಕತೆಯಂತೆ ಬರೆದಿದ್ದೇನೆ.

ನಾರ್ವದ ಕಡೆಯ ಒಂದು ಊರಿನಲ್ಲಿ, ಗುಡ್ಡದ ಬುಡಕ್ಕೆ ಕುರಿ ಮೇಯುವ ಗಾಯರಾಣ ಇತ್ತು. ಬಾಲಮ್ಮ ಸೊಸೆಯಾಗಿ ಬಂದಾಗಿನಿಂದ ಅಲ್ಲೇ ಕುರಿ ಕಾಯ್ದವಳು. ತೆಲಂಗಾಣ ಬೇರೆ ರಾಜ್ಯವಾದ ಹೊಸದರಲ್ಲಿ ರಸ್ತೆಗಳಿಗೆಂದು ಮೊರಂ ಎಂಬ ಅಲ್ಲಿಯ ಕೆಂಪು ಗರಸು ಮಣ್ಣನ್ನು ಅಗೆಯತೊಡಗಿದರು. ಮೊರಂ ಮುಗಿದ ಮೇಲೆ ಗುಂಡಿ ಮುಚ್ಚಿ, ಮಣ್ಣು ಹರಡಿ, ಕುರಿಗಳಿಗೆ ಮೇವಾಗುವ ಅಂಜನ ಹುಲ್ಲಿನ ಬೀಜ ಎರಚಿದರು. ನೆಲ ಸುಧಾರಿಸಿತೆಂದು ಅಧಿಕಾರಿ ಒಪ್ಪಿದರೆ ಗುತ್ತಿಗೆದಾರ ಕೈ ತೊಳೆದುಕೊಳ್ಳಬಹುದು; ಒಪ್ಪುವವರೆಗೆ ಅವನಿಗೆ ಬಿಡುಗಡೆಯಿಲ್ಲ.

ಆದರೆ ಸುಧಾರಿಸಿತೆಂದು ಯಾವುದನ್ನು ನೋಡಿ ಹೇಳಬೇಕು? ಅದನ್ನು ಗೊತ್ತುಮಾಡಲು ನಾರಾಯಣಪೇಟೆಯಿಂದ ಶಿವಕಾಂತ ಎಂಬ ಎಳೆಯ ಅಧಿಕಾರಿ ಬಂದು, ಬೀರಪ್ಪನ ಗುಡಿಕಟ್ಟೆಯ ಮೇಲೆ ಊರವರನ್ನು ಕೂಡಿಸಿದ.

“ಏನ್ ಕಂಡ್ರ ನೆಲ ಚಲೋ ಆತು ಅಂತೀರಿ? ನೀವ ಹೇಳ್ರಿ.”

ಗಂಡಸರ ಹಿಂದಿನಿಂದ ಬಾಲಮ್ಮ ಕೂಗಿದಳು: “ಹಸರ ಕಾಣಬೇಕ್ರಿ ಸಾರ! ಹಸರಾದ್ರ ನಮ್ಮ ನೆಲ ನಮಗ ಬಂದಂಗ.”

“ಈಕೀನ್ನ ತಾಸೀಲ್ದಾರ ಮಾಡ್ರೆಪಾ,” ಎಂದು ಗಂಡ ಕಾಳಪ್ಪ ಛೇಡಿಸಿದ. ಎಲ್ಲರೂ ನಕ್ಕರು. ಶಿವಕಾಂತ ನಗಲಿಲ್ಲ. ಮಳೆಗಾಲ ಕಳೆದಾಗ ನೂರಕ್ಕೆ ಅರವತ್ತು ಪಾಲು ನೆಲ ಹಸಿರಾಗಿರಬೇಕೆಂದು ಅಲ್ಲೇ ಅಳತೆ ಗೊತ್ತುಮಾಡಿದ.

ಆ ಬೇಸಿಗೆಯಲ್ಲಿ ಬಾಲಮ್ಮನ ಹಿಂಡು ಮಕ್ತಲ್ ಕಡೆಯ ಕೃಷ್ಣಾ ದಂಡೆಯಲ್ಲಿತ್ತು. ಹುಲ್ಲೆಲ್ಲ ಒಣಗಿದಾಗ ಕುರಿಗಳ ಜೀವ ಹಿಡಿಯುವುದು ಸರ್ಕಾರಿ ಜಾಲಿಯ ಕಾಯಿ. ಅದು ಬೆಲ್ಲದಂತೆ ಸಿಹಿ. ಅದನ್ನೇ ಹೊಟ್ಟೆತುಂಬ ತಿಂದು ಹಿಂಡು ಊರಿಗೆ ಮರಳಿದಾಗ, ಗುತ್ತಿಗೆದಾರನ ಕೆಲಸ ನೋಡುವ ಮುಕಾದಮ ನಾಗಪ್ಪ, ಗುಂಡಿ ಮುಚ್ಚಿದ ನೆಲದಲ್ಲಿ ಕುರಿ ತರುಬಲು ಕೇಳಿದ. ತರುಬುವುದೆಂದರೆ ರಾತ್ರಿಯೆಲ್ಲ ಹಿಂಡನ್ನು ಬಯಲಲ್ಲೇ ಕೂಡಿಹಾಕುವುದು. ಹಿಕ್ಕೆ ಬಿದ್ದ ನೆಲಕ್ಕೆ ಬೇರೆ ಗೊಬ್ಬರ ಬೇಡ.

“ಜ್ವಾಳ ಎಷ್ಟ ಕೊಡ್ಲಿ, ಬಾಲಮ್ಮಕ್ಕಾ?”

“ನಮ್ಮ ನೆಲಕ್ಕ ನಾವ ಕೂಲಿ ತಗೋಬೇಕೇನೋ ತಮ್ಮಾ? ಪುಕ್ಕಟ ತರುಬ್ತೀನಿ ಹೋಗು.”

ಜಾಗ ಬದಲಿಸುತ್ತ ಬಯಲನ್ನೆಲ್ಲ ತರುಬಿದಳು. ತಾನು ಒಲೆ ಹೂಡಿ ಕಂಬಳಿ ಹಾಸಿದ ಬಂಡೆಯ ಪಕ್ಕ ಮಾತ್ರ ಬಿಟ್ಟಳು. ಮಳೆ ಹಿಡಿದ ಮೇಲೆ ಹಿಂಡು ಹೊಡೆದುಕೊಂಡು ಗದ್ವಾಲ ಸೀಮೆಗೆ, ಇಟಿಕ್ಯಾಲದ ಬೀಳುಗಳಿಗೆ ಹೊರಟುಹೋದಳು.

ದೀಪಾವಳಿ ಕಳೆದು ತಿರುಗಿ ಬಂದಾಗ ದಾರಿಯ ಹೊರಳಿನಲ್ಲೇ ಅವಳ ಕಾಲು ನಿಂತವು. ಗುಡ್ಡದ ಬುಡವೆಲ್ಲ ಹಚ್ಚ ಹಸಿರು.

“ಬೀರಪ್ಪ ಕಣ್ಣ ತೆರದಾನ ನೋಡು!” ಎಂದು ಕಾಳಪ್ಪನ ತೋಳು ಹಿಡಿದು ಅಲುಗಿಸಿದಳು. ಹಿಂಡನ್ನು ಅತ್ತಲೇ ಬಿಟ್ಟಳು. ಮುಂದಿದ್ದ ಟಗರು ಅಂಚಿನವರೆಗೆ ಓಡಿತು, ಮೂಸಿತು, ನಿಂತಿತು. ಅದರ ಹಿಂದೆ ಹಿಂಡೆಲ್ಲ ನಿಂತಿತು. ಒಂದು ಕುರಿಯೂ ಬಾಯಿ ಹಾಕಲಿಲ್ಲ.

“ಏನಾತು ಇವಕ್ಕ?” ಎಂದು ಬಾಲಮ್ಮ ತಾನೇ ಒಳಗೆ ಕಾಲಿಟ್ಟಳು. ಮುಳ್ಳು ಚಪ್ಪಲಿ ತೂರಿ ಅಂಗಾಲಿಗೆ ನಾಟಿತು.

ಮೊಣಕಾಲೆತ್ತರದ ಸರ್ಕಾರಿ ಜಾಲಿ; ಕಾಯಿ ತಿನ್ನುವ ಕುರಿ ಅದರ ಎಲೆಗೆ ಬಾಯಿ ಹಾಕುವುದಿಲ್ಲ. ಎತ್ತ ನೋಡಿದರೂ ಅದೇ. ಬಂಡೆಯ ಪಕ್ಕ ಮಾತ್ರ ಒಂದು ಮುಳ್ಳೂ ಇಲ್ಲ. ಅಲ್ಲಿ ಅಂಜನ ಹುಲ್ಲು ತೆನೆ ಬಿಟ್ಟು ತೂಗುತ್ತಿತ್ತು. ಅದು ತಾನು ಮಲಗಿದ್ದ ಜಾಗ. ಮುಳ್ಳು ಎದ್ದದ್ದು ಕುರಿ ಮಲಗಿದ್ದ ಜಾಗದಲ್ಲಿ. ಅಂಗಾಲಿನ ಮುಳ್ಳು ಕೀಳುವುದನ್ನೂ ಮರೆತು ನಿಂತೇ ಇದ್ದಳು.

“ನಮ್ಮ ಕುರಿ ಹೊಟ್ಟ್ಯಾಗಿನ ಬೀಜ,” ಎಂದಳು ಕೊನೆಗೆ. “ನಾನ ಬಿತ್ತೀನಲ್ಲೋ ಇದನ್ನ!”

ಮರುದಿನ ಶಿವಕಾಂತ ಅಳತೆಗೆ ಬಂದ. “ಅರವತ್ತೇನ್ರಿ ಸಾರ, ಎಂಬತ್ತು ಪಾಲು ಹಸರ ಐತಿ!” ಎಂದು ನಾಗಪ್ಪ ಹಿಗ್ಗಿದ.

ಕಾಳಪ್ಪ ಹೆಂಡತಿಯ ಸೆರಗು ಜಗ್ಗಿದ. “ಸುಮ್ನಿರ. ಹೇಳಿದ್ರ ತಪ್ಪು ನಮ್ಮ ತಲಿಗೆ ಬರ್ತೈತಿ.”

ಸುಮ್ಮನಿದ್ದರೆ ಗುತ್ತಿಗೆದಾರ ಹೋಗುತ್ತಾನೆ, ಜಾಲಿ ಉಳಿಯುತ್ತದೆ, ಗಾಯರಾಣ ಮತ್ತೆಂದೂ ಬರುವುದಿಲ್ಲ. ಬಾಲಮ್ಮ ಸೆರಗು ಬಿಡಿಸಿಕೊಂಡಳು.

“ಒಪ್ಪಬ್ಯಾಡ್ರಿ ಸಾರ. ಹಸರ ಬೇಕು ಅಂದಾಕಿ ನಾನ. ಈ ಜಾಲಿ ಎದ್ದದ್ದೂ ನಮ್ಮ ಕುರಿ ಹಿಕ್ಕಿಯಿಂದ. ಬೀರಪ್ಪನಾಣಿ, ನಾ ಕೇಳಿದ ಹಸರ ಇದಲ್ಲ.”

ಶಿವಕಾಂತ ದಂಗಾದ. ಒಮ್ಮೆ ಬಯಲನ್ನೂ ಒಮ್ಮೆ ಅವಳನ್ನೂ ನೋಡಿದ. “ಅವ್ವಾ, ನಿಮ್ಮ ಮಾತಿನ ಮ್ಯಾಲೇ ಅಳತಿ ಇಟ್ಟೀನಲ್ಲ!”

“ತಾನ ಬಿತ್ತಿ ತಾನ ಬ್ಯಾಡ ಅಂತಾಳ ಮುದುಕಿ,” ಎಂದು ನಾಗಪ್ಪ ಸಿಡುಕಿದ. “ಕೀಳೋರ್ಯಾರು, ನಿಮ್ಮ ಟಗರೇನು?”

“ನಾ ಕೀಳ್ತೀನಿ. ಮುಳ್ಳು ಎಣಸಬ್ಯಾಡ್ರಿ ಸಾರ, ಕುರಿ ತಿನ್ನೋದನ್ನ ಎಣಸ್ರಿ.”

ಶಿವಕಾಂತ ಬಂಡೆಯ ಪಕ್ಕದ ಹುಲ್ಲಿನಲ್ಲಿ ಕೂತು ತೆನೆ ಮುಟ್ಟಿ ನೋಡಿದ. ಕಡೆಗೆ, ಜಾಲಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದ. ಯುಗಾದಿಯೊಳಗೆ ಬಾಲಮ್ಮ ಜಾಲಿ ಕಿತ್ತು ನೆಲ ಹಸನಾದರೆ ಗುತ್ತಿಗೆದಾರ ಮತ್ತೆ ಹುಲ್ಲು ಬಿತ್ತಬೇಕು, ಮಳೆಗಾಲ ಕಳೆದ ಮೇಲೆ ಅಳತೆ. ಹಸನಾಗದಿದ್ದರೆ ಹಳೆಯ ಅಳತೆಯೇ ನಿಲ್ಲುತ್ತದೆ, ಗುತ್ತಿಗೆದಾರನಿಗೆ ಬಿಡುಗಡೆ.

ಜಾಲಿಯನ್ನು ಕಡಿದರೆ ಮತ್ತೆ ಚಿಗುರುತ್ತದೆ, ಬೇರು ತೆಗೆಯಬೇಕು. ಬಾಲಮ್ಮನ ಅಂಗಾಲು ಇನ್ನೂ ಬಾತುಕೊಂಡಿದೆ, ಆದರೂ ಒಂದು ಮೂಲೆ ಮುಗಿಸಿದ್ದಾಳೆ. ನಾಳೆ ಬೆಳಗ್ಗೆ ನಾನು ಹಾರೆ ತೆಗೆದುಕೊಂಡು ಅವಳ ಜೊತೆ ಹೋಗಿ, ಬಂಡೆಯ ಆಚೆಗಿನ ಜಾಲಿಯನ್ನು ಬೇರುಸಮೇತ ಕೀಳುತ್ತೇನೆ.