ಹಳೇ ಡ್ರೈವರ್ ತೆಗೆದುಹಾಕಿ

ಅಪ್ಪ ಕುಮಟಾ–ಶಿರಸಿ ದಾರಿಯಲ್ಲಿ ಮೂವತ್ತು ವರ್ಷ ಬಸ್ಸು ಓಡಿಸಿದವರು. ನಿವೃತ್ತಿಯಾದ ಮೊದಲ ವರ್ಷ ಹಳದೀಪುರದ ಮನೆಯ ಜಗಲಿಯಲ್ಲಿ ಕೂತು ಅವರು ಮಾಡಿದ ಮುಖ್ಯ ಕೆಲಸವೆಂದರೆ, ಹೆದ್ದಾರಿಯಲ್ಲಿ ಹೋಗುವ ಬಸ್ಸುಗಳ ಸದ್ದು ಕೇಳಿ “ಗೇರು ತಪ್ಪು ಹಾಕ್ದ” ಎಂದು ಅಮ್ಮನಿಗೆ ವರದಿ ಒಪ್ಪಿಸುವುದು. ಅಮ್ಮ ಕಾಯಿ ಹೆರೆಯುತ್ತ “ಹೌದಾ” ಎನ್ನುತ್ತಿದ್ದಳು. ಅದಕ್ಕಿಂತ ಹೆಚ್ಚಿನ ಪ್ರೋತ್ಸಾಹ ಅಪ್ಪನಿಗೂ ಬೇಕಿರಲಿಲ್ಲ.

ನಾನು ಕುಮಟಾದಲ್ಲಿ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸ ಮಾಡುತ್ತೇನೆ. ದಿನವಿಡೀ ಊರವರ ಸಕ್ಕರೆ, ಥೈರಾಯ್ಡು ಅಳೆದು ಸಂಜೆ ಮನೆಗೆ ಬಂದರೆ ನನಗೆ ಬೇಕಾದದ್ದು ಕಂಪ್ಯೂಟರಿನಲ್ಲಿ ಕಾರ್ ರೇಸು. ಮೂವತ್ತೆರಡು ವರ್ಷದ ಮಗಳು ಕೋಣೆಯಲ್ಲಿ ಕೂತು ಸುಳ್ಳು ಕಾರು ಓಡಿಸುತ್ತಾಳೆಂದು ನೆಂಟರಿಗೆ ಹೇಗೆ ಹೇಳುವುದೆಂದು ತಿಳಿಯದೆ ಅಮ್ಮ, “ಅವಳಿಗೆ ಕಂಪ್ಯೂಟರ್ ಕೆಲಸ ಇರ್ತದೆ” ಎಂದು ಸಾಗಹಾಕುತ್ತಿದ್ದಳು. ಅಪ್ಪ ಒಂದು ಸಂಜೆ ಬಂದು ನನ್ನ ಬೆನ್ನ ಹಿಂದೆ ನಿಂತರು. ನಾನು ಮೂರು ಕಾರಿಗೆ ಗುದ್ದಿ ಮೊದಲ ಸ್ಥಾನ ಪಡೆದದ್ದನ್ನು ಪೂರ್ತಿ ನೋಡಿ, “ನಿಂಗೆ ಲೈಸೆನ್ಸ್ ಕೊಟ್ಟವ ಯಾರು ತಂಗಿ?” ಎಂದರು. ನಮ್ಮ ಕಡೆ ಮಗಳನ್ನೂ ತಂಗಿ ಎಂದೇ ಕರೆಯುವುದು.

ಅವರಿಗೆಂದೇ ಬಸ್ಸು ಓಡಿಸುವ ಆಟವೊಂದನ್ನು ಹಾಕಿಕೊಟ್ಟೆ. “ಕ್ಲಚ್ ಎಲ್ಲಿ ಅದೆ?” ಎಂದು ಕೇಳಿದರು. ಕ್ಲಚ್ ಇಲ್ಲ, ಬಾಣದ ಗುರುತಿನ ನಾಲ್ಕು ಕೀ ಸಾಕು ಎಂದಾಗ ಅವರ ಮುಖದಲ್ಲಿ ಮೂಡಿದ ತಾತ್ಸಾರ ನೋಡಬೇಕಿತ್ತು. ಆದರೂ ಕೂತರು. ಕುರ್ಚಿಯ ಮೇಲೆ ಎರಡೂ ಕಾಲು ಮಡಚಿ, ಊಟಕ್ಕೆ ಕೂತವರಂತೆ ಚಕ್ಕಳಮಕ್ಕಳ ಹಾಕಿ ಕೂತರು. ಮೂವತ್ತು ವರ್ಷ ಕಾಲು ಇಳಿಬಿಟ್ಟು ಬಸ್ಸು ಓಡಿಸಿದ್ದು ಸಾಕಾಗಿದೆಯಂತೆ. ವಾರದೊಳಗೆ ಇದು ದಿನಚರಿಯಾಯಿತು. ಮಧ್ಯಾಹ್ನ ಊಟವಾದ ಮೇಲೆ ಎರಡು ಟ್ರಿಪ್ಪು. ಪರದೇಶದ ಯಾವುದೋ ಊರಿನ ಖಾಲಿ ರಸ್ತೆಯಲ್ಲೂ ಕೆಂಪು ದೀಪಕ್ಕೆ ನಿಲ್ಲುವರು. ಪ್ರತಿ ಸ್ಟಾಪಿನಲ್ಲೂ ಕೊನೆಯ ಪ್ರಯಾಣಿಕ ಹತ್ತಿ ಕೂರುವ ತನಕ ಕಾಯುವರು. ಆಟವೋ ತಡವಾಯಿತೆಂದು ಅಂಕ ಕಳೆಯುವುದು. “ಇದನ್ನ ಮಾಡಿದವ ಒಂದು ದಿನವೂ ಬಸ್ಸು ಹತ್ತಿದವ ಅಲ್ಲ” ಎಂದು ಅಪ್ಪ ತೀರ್ಮಾನಿಸಿದ್ದರು.

ಈ ಕಂಪ್ಯೂಟರ್ ಜೋಡಿಸಿಕೊಟ್ಟವನು ಭಟ್ಕಳದಲ್ಲಿ ಅಂಗಡಿ ಇಟ್ಟಿರುವ ಗೆಳೆಯ. ಮನೆಯಲ್ಲಿ ನವಾಯತಿ, ಗಿರಾಕಿಗಳ ಜೊತೆ ಕನ್ನಡ, ಹಾಳಾದ ಮದರ್‌ಬೋರ್ಡಿನ ಜೊತೆ ಉರ್ದು ಮಾತಾಡುವ ಮನುಷ್ಯ. ಅವನ ಅಂಗಡಿಯಲ್ಲಿ ವ್ಯಾಪಾರಕ್ಕಿಂತ ವಾದ ಹೆಚ್ಚು. ಅಲ್ಲೇ ನನಗೆ ಕತಗಾಲದ ಮಾಸ್ತರರ ಪರಿಚಯವಾದದ್ದು. ಅವರು ಕುಮಟಾದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಾರೆ. ನಲವತ್ತಾದರೂ ಕತ್ತಿ ಹಿಡಿದು ರಾಕ್ಷಸರನ್ನು ಕೊಲ್ಲುವ ಆಟ ಬಿಟ್ಟಿಲ್ಲ. ಕ್ಯಾಬಿನೆಟ್ಟಿನೊಳಗೆ ಬಣ್ಣದ ದೀಪ ಉರಿಯದಿದ್ದರೆ ಅದು ಕಂಪ್ಯೂಟರೇ ಅಲ್ಲ ಎಂದು ಅಂಗಡಿಯವನು ಹೇಳಿದರೆ, “ದೀಪ ಬೇಕಾದ್ರೆ ಮದುವೆ ಮಂಟಪಕ್ಕೆ ಹೋಗು ಮಾರಾಯ” ಎಂದು ಮಾಸ್ತರರು. ಹೊಸ ಆಟಗಳಲ್ಲಿ ಚಿತ್ರ ಚೆಂದ, ಕತೆ ಸೊನ್ನೆ ಎಂದು ಇವರು. ಕತೆ ಬೇಕಾದರೆ ಪುಸ್ತಕ ಓದಿ ಎಂದು ಅವನು. ಕೀಬೋರ್ಡು ಮೇಲೋ ಕೈಯಲ್ಲಿ ಹಿಡಿಯುವ ಕಂಟ್ರೋಲರು ಮೇಲೋ ಎಂಬ ವಿಷಯಕ್ಕೆ ಇಬ್ಬರೂ ಹದಿನೈದು ದಿನ ಮಾತು ಬಿಟ್ಟಿದ್ದರು. ಆಗ ಒಬ್ಬರ ಅಭಿಪ್ರಾಯವನ್ನು ಇನ್ನೊಬ್ಬರಿಗೆ ಮುಟ್ಟಿಸುವ ಕೆಲಸ ನನ್ನದಾಗಿತ್ತು. ಕಡಲ ಗಾಳಿಯ ಉಪ್ಪಿಗೆ ನಮ್ಮ ಕಡೆ ಯಾವ ಕಂಪ್ಯೂಟರೂ ಬಾಳುವುದಿಲ್ಲ ಎಂಬ ಒಂದೇ ಮಾತನ್ನು ಇಬ್ಬರೂ ಒಪ್ಪುತ್ತಿದ್ದರು.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಕಂಪ್ಯೂಟರಿಗೆ ರೋಗ ಹಿಡಿಯಿತು. ರೇಸು ರಂಗೇರಿ, ಎರಡನೇ ಸ್ಥಾನದಲ್ಲಿದ್ದ ನಾನು ಮುಂದಿನ ಕಾರನ್ನು ಹಿಂದಿಕ್ಕುವ ಹೊತ್ತಿಗೆ ಸರಿಯಾಗಿ ಎಲ್ಲ ಆಫ್. ಕರೆಂಟು ಹೋಗಿರುತ್ತಿರಲಿಲ್ಲ, ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇರುತ್ತಿತ್ತು. ಬಟನ್ ಒತ್ತಿದರೆ ಏನೂ ಆಗಿಲ್ಲವೆಂಬಂತೆ ಕಂಪ್ಯೂಟರು ಮತ್ತೆ ಎದ್ದು ಕೂರುತ್ತಿತ್ತು. ವಿಚಿತ್ರವೆಂದರೆ ಅಪ್ಪ ಬಸ್ಸು ಓಡಿಸುವಾಗ ಒಮ್ಮೆಯೂ ಹೀಗಾಗಲಿಲ್ಲ.

“ಪವರ್ ಸಪ್ಲೈ ಹೋಗಿದೆ ಅಕ್ಕ. ನೂರಕ್ಕೆ ನೂರು,” ಎಂದ ಭಟ್ಕಳದವನು. ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಹಾಗೆ ಮಾಡಿ ಕೊಡುವ ಡಬ್ಬಿ ಅದು. ತನ್ನಲ್ಲಿದ್ದ ಇನ್ನೊಂದು ಡಬ್ಬಿಯನ್ನು ಪೇಪರಿನಲ್ಲಿ ಸುತ್ತಿ, ಕುಮಟಾ ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸಿದ. ಅಪ್ಪನೇ ಸ್ಟಾಪಿಗೆ ಹೋಗಿ ಇಳಿಸಿಕೊಂಡು, ಹಾಗೆಯೇ ಆ ಡ್ರೈವರಿಗೆ ಅವನ ಬ್ರೇಕಿನ ಸದ್ದಿನ ಬಗ್ಗೆ ಎರಡು ಮಾತು ಹೇಳಿ ಬಂದರು. ವಿಡಿಯೊ ಕಾಲಿನಲ್ಲಿ ಗೆಳೆಯ ಹೇಳಿದಂತೆ ಸ್ಕ್ರೂ ಬಿಚ್ಚಿ ಡಬ್ಬಿ ಬದಲಿಸಿದೆ. ಗೋಡೆಯಿಂದ ಬರುವ ದಪ್ಪ ಕರಿ ವಯರು ನೋಡಲು ಗಟ್ಟಿಯಾಗಿಯೇ ಇತ್ತು. ಅದನ್ನೇ ಮತ್ತೆ ಸಿಕ್ಕಿಸಿ ಆಟಕ್ಕೆ ಕೂತೆ. ಮೂರನೇ ತಿರುವಿನಲ್ಲಿ ಆಫ್.

ಮಾಸ್ತರರಿಗೆ ಫೋನು ಮಾಡಿದೆ. ಕೈಯಲ್ಲಿ ಮೌಸ್ ಇದ್ದುದರಿಂದ ಫೋನನ್ನು ಸ್ಪೀಕರಿನಲ್ಲಿ ಹಾಕಿ ಮೇಜಿನ ಮೇಲಿಟ್ಟಿದ್ದೆ. ಪಕ್ಕದ ಮಂಚದ ಮೇಲೆ ಅಪ್ಪ ಚಹಾ ಕುಡಿಯುತ್ತಿದ್ದರು.

“ಪವರ್ ಸಪ್ಲೈ ಅಲ್ಲ ಹೇಳಿ ನಾನು ಮೊದಲೇ ಹೇಳಿದ್ದೆ,” ಮಾಸ್ತರರ ದನಿ ಕೋಣೆ ತುಂಬಿತು. “ಡ್ರೈವರ್ ತೊಂದರೆ ಇದು. ಡ್ರೈವರ್ ಹಳೇದಾಗಿದೆ. ಅದನ್ನೇ ಇಟ್ಕಂಡು ಕೂತ್ರೆ ಹೀಗೇ ಆಗೂದು.”

ಕಂಪ್ಯೂಟರಿನ ಒಂದೊಂದು ಭಾಗವನ್ನೂ ನಡೆಸುವ ಸಣ್ಣ ತಂತ್ರಾಂಶವೊಂದು ಇರುತ್ತದೆ, ಅದರ ಹೆಸರು ಡ್ರೈವರ್. ಇದು ನನಗೆ ಗೊತ್ತು, ಮಾಸ್ತರರಿಗೆ ಗೊತ್ತು. ಅಪ್ಪನಿಗೆ ಗೊತ್ತಿರಲಿಲ್ಲ. ಬಾಯಿಯ ಹತ್ತಿರ ಹೋದ ಅವರ ಚಹಾ ಕಪ್ಪು ಅಲ್ಲೇ ನಿಂತಿತು.

“ಈಗೆಂತ ಮಾಡೂದು?” ಎಂದೆ.

“ಹಳೇ ಡ್ರೈವರ್ ಪೂರ್ತಿ ತೆಗೆದುಹಾಕಿ. ಒಂದು ಚೂರೂ ಉಳೀಬಾರ್ದು. ಆಮೇಲೆ ಹೊಸ ಡ್ರೈವರ್ ತನ್ನಿ.” ಉತ್ಸಾಹ ಏರಿದರೆ ಮಾಸ್ತರರ ಬಾಯಿಗೆ ಮನೆಮಾತು ಬಂದುಬಿಡುತ್ತದೆ. “ಹಳೇ ಡ್ರೈವರ್ ಇದ್ದಲೆ, ಅದು ಎಂತಕ್ಕೂ ಬತ್ತಿಲ್ಲೆ!”

ಅಪ್ಪ ಕಪ್ಪು ಕೆಳಗಿಟ್ಟು ಎದ್ದರು. “ಹೌದು. ಎಂತಕ್ಕೂ ಬರೂದಿಲ್ಲ,” ಎಂದವರೇ ಜಗಲಿಗೆ ನಡೆದರು.

ಫೋನು ಇಟ್ಟು ಹಿಂದೆಯೇ ಓಡಿದೆ.

“ಅಪ್ಪ, ಅದು ನಿಮಗೆ ಹೇಳಿದ್ದಲ್ಲ. ಕಂಪ್ಯೂಟರ್ ಒಳಗೆ ಒಂದು ಡ್ರೈವರ್ ಇರ್ತದೆ.”

“ಒಳಗೆ?”

“ಮನುಷ್ಯ ಅಲ್ಲ. ಸಾಫ್ಟ್‌ವೇರು.”

“ಅದಕ್ಕೆ ಬೇರೆ ಹೆಸರು ಸಿಗ್ಲಿಲ್ವಾ?”

“ನಾನು ಇಟ್ಟದ್ದಲ್ಲಲ್ಲ.”

ಅಪ್ಪ ರಸ್ತೆಯ ಕಡೆ ಮುಖ ಮಾಡಿ ಕೂತರು. “ಆತು. ಆದ್ರೆ ಯಾವ ಡ್ರೈವರೇ ಆಗ್ಲಿ, ಗಾಡಿಗೆ ಎಂತ ಆದ್ರೂ ಅವನದ್ದೇ ತಪ್ಪು ಹೇಳೂದು. ಅದು ನಂಗೆ ಹೊಸತಲ್ಲ,” ಎಂದರು. ಮರುದಿನದಿಂದ ಮಧ್ಯಾಹ್ನದ ಎರಡು ಟ್ರಿಪ್ಪೂ ರದ್ದು. ನಾನು ಹೊಸ ಡ್ರೈವರ್ ಹಾಕಿದೆ. ಕಂಪ್ಯೂಟರು ಮೊದಲಿನಂತೆಯೇ ಆಫ್ ಆಯಿತು. ಅಪ್ಪನಿಗೆ ಅದನ್ನು ಹೇಳಿದಾಗ ಮುಖದಲ್ಲಿ ಸ್ವಲ್ಪ ಸಮಾಧಾನ ಕಂಡಿತೆಂದು ನನ್ನ ಅನುಮಾನ.

ಕೊನೆಗೆ ಒಂದು ಭಾನುವಾರ ಇಬ್ಬರು ಪಂಡಿತರೂ ಮನೆಗೇ ಬಂದರು. ಭಟ್ಕಳದವನ ಹೆಗಲಿನಲ್ಲಿ ಸಾಮಾನಿನ ಚೀಲ. ಹಿಂದಿದ್ದ ಮಾಸ್ತರರು ಅಪ್ಪನನ್ನು ನೋಡಿ ಮೆಟ್ಟಿಲ ಮೇಲೇ ನಿಂತರು.

“ನೀವು ಶಿರಸಿ ವಸ್ತಿ ಬಸ್ಸಿನವ್ರಲ್ವಾ? ರಾತ್ರಿ ಶಿರಸಿಯಲ್ಲಿ ಉಳಿದು ಬೆಳಿಗ್ಗೆ ಘಟ್ಟ ಇಳಿದು ಏಳೂವರೆಗೆ ಕತಗಾಲಕ್ಕೆ ಬರ್ತಿದ್ರಿ?”

“ಏಳು ಇಪ್ಪತ್ತೈದು,” ಎಂದರು ಅಪ್ಪ.

“ಪಿಯುಸಿಗೆ ನಾನು ಅದೇ ಬಸ್ಸಿಗೆ ಹೋಗ್ತಿದ್ದೆ. ಪರೀಕ್ಷೆ ದಿನ ನಿಲ್ಲಿಸದೇ ಬಿಟ್ಟು ಹೋದ್ರಿ ನೀವು. ಕೈ ಮಾಡಿದ್ರೂ ನಿಲ್ಲಿಸ್ಲಿಲ್ಲ. ಮರಳಿನ ಲಾರಿ ಹತ್ತಿ ಹೋದೆ ನಾನು!”

ಇಪ್ಪತ್ತು ವರ್ಷ ದಾಟಿದ ಸಿಟ್ಟು ಹಾಗೇ ಇತ್ತು. ಅಪ್ಪ ಅವರ ಮುಖವನ್ನೇ ದಿಟ್ಟಿಸಿದರು.

“ನೀಲಿ ಚೀಲದವ್ರು. ದಿನಾ ಓಡ್ತಾ ಬರ್ತಿದ್ರಿ. ದಿನಾ ಕಾಯ್ತಿದ್ದೆ. ಆ ದಿನ ಘಟ್ಟ ಇಳೀತಾ ಬ್ರೇಕು ಕೈ ಬಿಟ್ಟಿತ್ತು. ಕತಗಾಲದಲ್ಲಿ ನಿಲ್ಲಿಸೂದು ನನ್ನ ಕೈಲಿ ಇರ್ಲಿಲ್ಲ. ಗೇರಲ್ಲೇ ಹಿಡಿದು ಹಿಡಿದು, ಮುಂದೆ ಏರು ಸಿಕ್ಕಿದಲ್ಲಿ ನಿಲ್ಲಿಸ್ದೆ. ಒಳಗಿದ್ದವರಿಗೆ ಹೇಳ್ಲಿಲ್ಲ. ಹೇಳಿದ್ರೆ ಹಾರ್ತಿದ್ರು.”

ಅಮ್ಮ ಒಳಗಿನಿಂದ ನೀರಿನ ತಂಬಿಗೆ ಹಿಡಿದು ಬಂದವಳು ಬಾಗಿಲಲ್ಲೇ ನಿಂತಿದ್ದಳು. “ನಂಗೂ ಹೇಳ್ಲಿಲ್ಲ,” ಎಂದಳು.

ಮಾಸ್ತರರು ಮೆಲ್ಲಗೆ ಚಪ್ಪಲಿ ಬಿಟ್ಟು ಮೇಲೆ ಬಂದರು. “ನಾನು ಸಿಟ್ಟಲ್ಲಿ ದೂರು ಬರೆದು ಕೊಟ್ಟಿದ್ದೆ. ನಾಲ್ಕು ಪುಟ.”

“ಗೊತ್ತದೆ. ನಂಗೆ ಕೊಟ್ಟು ಓದಿಸಿದ್ರು,” ಎಂದರು ಅಪ್ಪ. “ಅಕ್ಷರ ಚೆಂದ ಇತ್ತು.”

ಭಟ್ಕಳದವನಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಎಲ್ಲರೂ ನಕ್ಕೆವು. ಅಮ್ಮ ಒಬ್ಬಳು ನಗದೆ ನೀರು ಕೊಟ್ಟು ಒಳಗೆ ಹೋದಳು.

ಕ್ಯಾಬಿನೆಟ್ಟು ಬಿಚ್ಚಿದೆವು. ಒಳಗೆ ಧೂಳಿತ್ತು, ತುಕ್ಕು ಹಿಡಿದ ಎರಡು ಸ್ಕ್ರೂ ಇದ್ದವು, ಹಲ್ಲಿ ಮೊಟ್ಟೆಯ ಚಿಪ್ಪುಗಳಿದ್ದವು. “ಹಲ್ಲಿಯೇ ಕಾರಣ,” ಎಂದು ಭಟ್ಕಳದವನು. “ಮೊಟ್ಟೆ ಇಟ್ಟ ಹಲ್ಲಿ ರೇಸು ನೋಡಿ ಆಫ್ ಮಾಡ್ತದಾ?” ಎಂದು ಮಾಸ್ತರರು. ಧೂಳು ಕೊಡವಿ, ಎಲ್ಲ ಮುಚ್ಚಿ, ನನ್ನನ್ನು ಆಡಲು ಕೂರಿಸಿದರು. ಇಬ್ಬರೂ ಎರಡು ಪಕ್ಕ ನಿಂತು ಪರದೆ ನೋಡಿದರು. ಮೂರನೇ ತಿರುವು, ಆಫ್.

“ಇನ್ನೊಂದ್ಸಲ ಓಡ್ಸು ತಂಗಿ,” ಎಂದರು ಅಪ್ಪ. ಅವರು ಪರದೆ ನೋಡುತ್ತಿರಲಿಲ್ಲ. ಮಂಚದಿಂದ ಕೆಳಗಿಳಿದು ನೆಲದ ಮೇಲೆ ಕೂತು ಮೇಜಿನ ಅಡಿಗೆ ಬಗ್ಗಿದ್ದರು. ಮತ್ತೆ ಶುರು ಮಾಡಿದೆ. ತಿರುವು ಬಂತು.

“ನೋಡಿ!” ಎಂದು ಅಪ್ಪ ಕೂಗಿದರು. “ಬ್ರೇಕು ಒತ್ತುತ್ತಾ ಇದ್ದಾಳೆ!”

ನಿಜ. ಕೈಯಲ್ಲಿ ಕೀಬೋರ್ಡು ಒತ್ತುತ್ತಿದ್ದರೂ ತಿರುವು ಬಂದ ಕೂಡಲೇ ನನ್ನ ಬಲಗಾಲು ತನ್ನಷ್ಟಕ್ಕೆ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಬ್ರೇಕು ಇರಬೇಕಾದಲ್ಲಿ ಆ ದಪ್ಪ ಕರಿ ವಯರಿತ್ತು. ಕಾಲು ಬಿದ್ದಾಗ ವಯರು ಎಳೆದು, ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸಿದ ತುದಿ ಸಡಿಲವಾಗುತ್ತಿತ್ತು. ಉಪ್ಪುಗಾಳಿಗೆ ಅದರ ಪಿನ್ನುಗಳು ಮೊದಲೇ ಸವೆದಿದ್ದವು. ಅಪ್ಪನ ಕಾಲು ಕುರ್ಚಿಯ ಮೇಲಿರುತ್ತಿದ್ದುದರಿಂದ ಅವರ ಬಸ್ಸು ನಿಂತಿರಲಿಲ್ಲ. ನಾಲ್ಕು ಮಂದಿ, ಎರಡು ತಿಂಗಳು, ಒಂದು ಹೊಸ ಡಬ್ಬಿ, ಒಂದು ಹೊಸ ಡ್ರೈವರ್. ಕಾರಣ ನನ್ನ ಕಾಲು.

“ನಾನು ಹೇಳಿದ್ದೇ ಸರಿಯಾಯ್ತು,” ಎಂದರು ಮಾಸ್ತರರು. “ಡ್ರೈವರ್ ತೊಂದರೆ.”

ಅಪ್ಪ ನೆಲದ ಮೇಲೆ ಕೂತಲ್ಲೇ ಜೋರಾಗಿ ನಕ್ಕರು. ಭಟ್ಕಳದವನು ಚೀಲದಿಂದ ಬೇರೆ ವಯರು ತೆಗೆದು, ಗೋಡೆಯ ಬದಿಯಿಂದ ಎಳೆದು, ಟೇಪು ಸುತ್ತಿ ಕೂರಿಸಿದ. “ಅಕ್ಕನ ಕಾಲಿಗೆ ಒಂದು ಸುಳ್ಳು ಬ್ರೇಕು ಹಾಕಿಕೊಡ್ಲಾ ಚಾಚಾ?” ಎಂದು ಅಪ್ಪನನ್ನು ಕೇಳಿದ. ಹೊರಡುವಾಗ ಇಬ್ಬರೂ ಮಾಸ್ತರರ ಕಾರಿನಲ್ಲೇ ಹೊನ್ನಾವರದ ತನಕ ಹೋದರು. ಕಾರಿನಲ್ಲಿ ಕೂರುವ ಮೊದಲೇ ಗ್ರಾಫಿಕ್ಸ್ ಕಾರ್ಡಿನ ಬಗ್ಗೆ ಹೊಸ ಜಗಳ ಶುರುವಾಗಿದ್ದು ನಮಗೆ ಕೇಳಿಸಿತು.

ಮರುದಿನ ನನಗೆ ರಜೆ ಇತ್ತು. ಮಧ್ಯಾಹ್ನ ಊಟವಾಗುತ್ತಿದ್ದಂತೆ ಅಪ್ಪ ಮತ್ತೆ ಕಂಪ್ಯೂಟರಿನ ಮುಂದೆ ಕೂತರು. ಅಮ್ಮ ಅಡುಗೆಮನೆಯಿಂದ ಸ್ಟೂಲು ಎತ್ತಿಕೊಂಡು ಬಂದು, ಅಪ್ಪನ ಕುರ್ಚಿಯ ಪಕ್ಕ ಇಟ್ಟು ಕೂತಳು. ಆ ಕೋಣೆಗೆ ಅವಳು ಕಸ ಗುಡಿಸುವುದಕ್ಕೆ ಬಿಟ್ಟರೆ ಬೇರೆ ಕೆಲಸಕ್ಕೆ ಬಂದದ್ದು ನಾನು ಕಂಡಿರಲಿಲ್ಲ.

“ಇದ್ರಲ್ಲಿ ಘಟ್ಟ ಅದ್ಯಾ?” ಎಂದು ಕೇಳಿದಳು.

ಅಪ್ಪ ಹುಡುಕಿ ಬೆಟ್ಟದ ದಾರಿಯೊಂದನ್ನು ತೆಗೆದರು. ಬಸ್ಸು ಇಳಿಯತೊಡಗಿತು. ಒಂದು ಬದಿ ಬಂಡೆ, ಇನ್ನೊಂದು ಬದಿ ಕಮರಿ. ಅಮ್ಮ ಮೇಜಿನ ಅಂಚು ಹಿಡಿದುಕೊಂಡಳು.

“ನಿಧಾನ.”

“ನಿಧಾನವೇ ಹೋಗ್ತಾ ಇದ್ದೇನೆ.”

“ಇನ್ನೂ ನಿಧಾನ,” ಎಂದಳು ಅಮ್ಮ. ಅಪ್ಪ ಬಸ್ಸಿನ ವೇಗ ಇಳಿಸಿದರು.