ಪ್ರಸ್ಥಾನದ ಚೀಲ

ಕಮಲಾಬಾಯಿಯವರ ಬಗ್ಗೆ ಬರೆಯಲು ಕೂತರೆ ಮೊದಲು ನನಗೆ ನಾನೇ ನಾಲ್ಕು ಬೈದುಕೊಳ್ಳಬೇಕಾಗುತ್ತದೆ. ಬೈದುಕೊಳ್ಳುತ್ತಲೇ ಬರೆಯುತ್ತೇನೆ, ಓದುವವರು ಓದಲಿ.

ಸವದತ್ತಿಯಲ್ಲಿ ನಮ್ಮದೂ ಅವರದೂ ಒಂದೇ ಓಣಿ. ಅವರ ಯಜಮಾನರು ತ್ರ್ಯಂಬಕಾಚಾರ್ಯರು ಪಂಚಾಂಗ ನೋಡುವವರು. ಮಕ್ಕಳಿಲ್ಲ. ಬಾಯಿಯವರು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಭೂಗೋಳ ಕಲಿಸಿದರು. ನಾನು ಮಂಜುಳಾ, ಅವರ ಕೈಯಲ್ಲೇ ಹತ್ತನೆಯ ಇಯತ್ತೆ ಪಾಸಾದವಳು, ಅದೇ ಓಣಿಗೆ ಸೊಸೆಯಾಗಿ ಬಂದವಳು. ನನ್ನ ಗಂಡ ಕಲ್ಮೇಶ ಹೊಲ ನೋಡಿಕೊಳ್ಳುತ್ತಾನೆ.

ನ್ಯೂಜಿಲೆಂಡಿನಲ್ಲಿ ಪುಕಾಕಿ ಎಂಬ ಸರೋವರವಿದೆ. ಹಿಮನದಿ ಕಲ್ಲನ್ನು ಬೀಸಿ ಬೀಸಿ ಹಿಟ್ಟು ಮಾಡುತ್ತದೆ, ಆ ಹಿಟ್ಟು ನೀರಿನಲ್ಲಿ ತೇಲಿ ಸರೋವರಕ್ಕೆ ಬೇರೆಯದೇ ಒಂದು ನೀಲಿ ಬರುತ್ತದೆ ಎಂದು ಬಾಯಿಯವರು ಪ್ರತಿವರ್ಷ ಹೇಳುತ್ತಿದ್ದರು. ಪುಸ್ತಕದಲ್ಲಿದ್ದ ಚಿತ್ರ ಕಪ್ಪು-ಬಿಳುಪು. ನಾನು ಎದ್ದು ನಿಂತು, "ಯಾವ ನೀಲಿರೀ ಬಾಯಾರ? ನಮ್ಮ ಲಂಗದ ನೀಲಿನೋ, ಬಟ್ಟಿಗೆ ಹಾಕೂ ನೀಲಿನೋ?" ಎಂದು ಕೇಳಿದ್ದೆ. ಕ್ಲಾಸೆಲ್ಲ ನಕ್ಕಿತ್ತು. ಅವರು ನಗಲಿಲ್ಲ. "ನನಗೂ ಗೊತ್ತಿಲ್ಲ. ಒಂದಿನ ನೋಡಿ ಬಂದು ಹೇಳ್ತೀನಿ, ಕೂಡು" ಎಂದಿದ್ದರು.

ಹೋದ ವರ್ಷ ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಕಣ್ಣಿನ ಒಳಗಿನ ಪರದೆ ಸವೆಯುತ್ತಿದೆ, ಔಷಧವಿಲ್ಲ, ಹೆಚ್ಚೆಂದರೆ ಒಂದು ವರ್ಷ. ನೋಡಬೇಕೆನಿಸಿದ್ದನ್ನು ನೋಡಿಬಿಡಿ ಎಂದರಂತೆ. ಬಾಯಿಯವರು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ನನ್ನನ್ನು ಕೂಗಿದರು. "ಮಂಜುಳಾ, ನಾ ಪುಕಾಕಿಗೆ ಹೋಗಾಕಿ. ಮೊಬೈಲ್‌ನಾಗಿನ ಸಣ್ಣ ಅಕ್ಷರ ಕಾಣಂಗಿಲ್ಲ, ನೀ ಓದಬೇಕು."

ಆಮೇಲೆ ಎರಡು ತಿಂಗಳು ನನ್ನ ಮಧ್ಯಾಹ್ನಗಳೆಲ್ಲ ಆಕಾಶದಲ್ಲೇ ಕಳೆದವು. ಬೆಳಗಾವಿಯಿಂದ ಮುಂಬೈ, ಮುಂಬೈಯಿಂದ ಸಿಂಗಾಪುರ, ಅಲ್ಲಿಂದ ಕ್ರೈಸ್ಟ್‌ಚರ್ಚ್. ಒಂದು ವಿಮಾನ ಸಿಂಗಾಪುರದಲ್ಲಿ ಹದಿನಾಲ್ಕು ತಾಸು ಕೂರಿಸುತ್ತಿತ್ತು, ಇನ್ನೊಂದು ಐವತ್ತೈದೇ ನಿಮಿಷ ಕೊಡುತ್ತಿತ್ತು. "ಐವತ್ತೈದು ನಿಮಿಷದಾಗ ಜಾತ್ರಿ ದಿವಸ ನಮ್ಮ ಬಸ್‌ಸ್ಟ್ಯಾಂಡ್ ದಾಟಾಕ ಆಗೂದಿಲ್ಲರಿ" ಎಂದು ನಾನು, "ಹದಿನಾಲ್ಕು ತಾಸು ಕೂತರ ಇವರ ಸೊಂಟ ಹಿಡೀತದ" ಎಂದು, ಜೊತೆಗೆ ಹೊರಟಿದ್ದ ಯಜಮಾನರನ್ನು ತೋರಿಸಿ ಅವರು. ಕಡೆಗೆ ನಾಲ್ಕು ತಾಸಿನದು ಸಿಕ್ಕಿತು. ರೆಕ್ಕೆ ಅಡ್ಡ ಬರದ ಕಿಟಕಿ ಸೀಟು ಹುಡುಕಲು ಒಂದು ವಾರ ಹೋಯಿತು. ಸೀರೆ ಅಂಗಡಿಯಲ್ಲೂ ನಾವು ಅಷ್ಟು ಸತಾಯಿಸಿದವರಲ್ಲ. ಹುಬ್ಬಳ್ಳಿ ದಾಟದ ನನಗೆ ಸಿಂಗಾಪುರದ ಗೇಟುಗಳು ಬಾಯಿಪಾಠವಾಗಿದ್ದವು. ಅವರ ಅಣ್ಣನ ಮಗ ಅಭಿಜಿತ ಬೆಳಗಾವಿಯಲ್ಲಿ ಕೂತು ಟಿಕೆಟ್ ಮಾಡಿಸಿದ, ವೀಸಾನೂ ಮಾಡಿಸಿದ.

ಆಚಾರ್ಯರು ಪಂಚಾಂಗ ತೆಗೆದರು. ಹೊರಡುವ ದಿನ ಪಾಡ್ಯ ಬಿದ್ದಿತ್ತು, ಪ್ರಯಾಣಕ್ಕೆ ಆಗದ ತಿಥಿ. ಬಾಯಿಯವರ ಮುಖ ಇಷ್ಟಾಯಿತು. ಅದಕ್ಕೂ ದಾರಿ ಇದೆ ಎಂದರು ಆಚಾರ್ಯರು. ಮೂರು ದಿನ ಮೊದಲು ತ್ರಯೋದಶಿ ಒಳ್ಳೆಯದು. ಅಂದು ಪ್ರಸ್ಥಾನ ಇಡುವುದು, ಅಂದರೆ ಯಾತ್ರೆಯ ಒಂದು ಚೀಲವನ್ನು ದಾರಿಯ ಕಡೆಗಿರುವ ಬೇರೆ ಮನೆಯಲ್ಲಿ ಇಟ್ಟು ಬರುವುದು. ಚೀಲ ಹೊರಟರೆ ಯಾತ್ರೆ ಹೊರಟಂತೆಯೇ. ಬೆಳಗಾವಿ ರಸ್ತೆಯ ಕಡೆಗೆ ಓಣಿಯ ಕೊನೆಯ ಮನೆ ನಮ್ಮದು. ಒಂದು ಸೀರೆ, ಹಿಡಿ ಅಕ್ಕಿ, ಅರಿಶಿನದ ಕೊಂಬು, ಅದರ ಮೇಲೆ ಇಬ್ಬರ ಪಾಸ್‌ಪೋರ್ಟು.

"ಪಾಸ್‌ಪೋರ್ಟ್ ಯಾಕ್ರಿ ಆಚಾರ್ರ?" ಎಂದೆ.

"ಯಾತ್ರಿಗೆ ಬೇಕೇ ಬೇಕಾದ ವಸ್ತು ಇಡಬೇಕವ್ವಾ. ಈಗಿನ ಕಾಲದಾಗ ಅದು ಇದಲಾ?" ಎಂದು ನಕ್ಕರು. ನಾನು ಚೀಲವನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಎಂಥ ಹೆಮ್ಮೆ ನನಗೆ!

ಪಾಡ್ಯದ ದಿನ ಬೆಳಿಗ್ಗೆ ನಮ್ಮತ್ತೆ ರಾಯವ್ವ ಏಳಲಿಲ್ಲ. ಹಿಂದಿನ ದಿನ ಒಂದೂವರೆ ರೊಟ್ಟಿ ಉಂಡು, ನನಗೆ ಬೈದು ಮಲಗಿದ್ದ ಮುದುಕಿ. ಎಂಟು ಗಂಟೆಗೆ ಮನೆ ತುಂಬ ಜನ, ಅಳು. ಟ್ರಂಕು ಇದ್ದದ್ದು ಅದೇ ಕೋಣೆಯಲ್ಲಿ.

ಆಚಾರ್ಯರು ಬಂದು ಹೊಸ್ತಿಲ ಹೊರಗೆ ನಿಂತರು. ಕಾರು ಆಗಲೇ ಬಂದಿತ್ತು.

"ಮಂಜುಳಾ, ಭಾಳ ಕೆಟ್ಟ ಹೊತ್ತಿನಾಗ ಕೇಳ್ಲಿಕ್ಕತ್ತೀನಿ. ಚೀಲ ಕೊಡವ್ವಾ."

"ಕೊಡೂದಿಲ್ಲರಿ" ಎಂದೆ. ಹೌದು, ಹಾಗೇ ಅಂದೆ. "ಹೆಣ ಮನ್ಯಾಗ ಐತಿ. ಹೆಣದ ಮನಿಯಿಂದ ಪ್ರಸ್ಥಾನ ಎದ್ದರ ಬಾಯಾರು ತಿರುಗಿ ಬರತಾರೇನ್ರಿ?"

"ಶಾಸ್ತ್ರ ನಾ ನೋಡ್ಕೋತೀನಿ. ಪಾಪ ಬಂದರ ನನಗ ಬರಲಿ."

ಜೀವನವಿಡೀ ಶಾಸ್ತ್ರ ಬಿಡದ ಮನುಷ್ಯ ಹಾಗೆ ಹೇಳುತ್ತಿದ್ದರೆ, ಅವರಿಂದಲೇ ಶಾಸ್ತ್ರ ಕೇಳಿ ತಿಳಿದ ನಾನು ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದೆ. ನನ್ನ ತಲೆಗಿಷ್ಟು ಮಣ್ಣು ಹಾಕ!

ಬಾಯಿಯವರು ಗೋಡೆ ಹಿಡಿದುಕೊಂಡು ಬಂದರು. ಕಾಲಲ್ಲಿ ಹೊಸ ಬೂಟು. "ಚೀಲ ಸಿಕ್ತೇನು?" ಎಂದರು. ಆಚಾರ್ಯರು ಪಕ್ಕಕ್ಕೆ ಸರಿದು ಅವರಿಗೆ ದಾರಿ ಬಿಟ್ಟರು.

"ಮಂಜುಳಾ, ನಾ ಕೇಳ್ತೀನಿ, ಕೊಡು."

"ನಿಮ್ಮ ಜೀವಕ್ಕ ಏನರ ಆದ್ರ ನಾ ಏನ್ ಮಾಡ್ಲಿರಿ ಬಾಯಾರ?"

"ನನ್ನ ಕಣ್ಣಿಗೆ ಏನಾಗ್ತದ ನಿನಗ ಗೊತ್ತದಲಾ?"

ಗೊತ್ತಿತ್ತು. ಓಣಿಯಲ್ಲಿ ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಮುಷ್ಟಿ ಬಿಚ್ಚಲಿಲ್ಲ, ಜೋರಾಗಿ ಅಳತೊಡಗಿದೆ. ಒಳಗಿನಿಂದ ಯಾರೋ "ಹೆಣದ ಮುಂದ ಏನಿದು ಗದ್ದಲ?" ಎಂದರು. ಬಾಯಿಯವರು ಗೋಡೆ ಹಿಡಿದು ತಿರುಗಿದರು.

ಮಣ್ಣು ಮಾಡಿ ಬಂದು, ಮನೆ ತೊಳೆದು, ತಲೆ ಮೇಲೆ ನೀರು ಹಾಕಿಕೊಂಡು ಸಂಜೆ ಚೀಲ ಒಯ್ದು ಕೊಟ್ಟೆ. ಬೆಳಗಾವಿಯ ವಿಮಾನ ಯಾವಾಗಲೋ ಹೋಗಿತ್ತು. ಮುಂಬೈಯಿಂದ ಅದೇ ರಾತ್ರಿ ಹನ್ನೊಂದಕ್ಕೆ ದೊಡ್ಡ ವಿಮಾನ. ರಸ್ತೆಯಲ್ಲಿ ಹೋಗಿ ಅದನ್ನು ಹಿಡಿಯುವ ಮಾತೇ ಇರಲಿಲ್ಲ. ಬಾಯಿಯವರು ಚೀಲ ತೆಗೆದುಕೊಂಡು ಒಳಗೆ ಹೋದರು.

ಅಭಿಜಿತ ಮತ್ತೆ ಟಿಕೆಟ್ ಮಾಡಿಸಿದ, ಫೆಬ್ರುವರಿಗೆ. ಡಾಕ್ಟರು ವರ್ಷ ಎಂದಿದ್ದರಲ್ಲ, ಇನ್ನೂ ಹೊತ್ತಿದೆ ಎಂದು ನಾವೆಲ್ಲ ಧೈರ್ಯ ಹೇಳಿಕೊಂಡೆವು. ಸಂಕ್ರಮಣ ಕಳೆದು ನಾಲ್ಕು ದಿನಕ್ಕೆ ನಾನು ಹೋದಾಗ ಬಾಯಿಯವರು ಅಂಗಳದಲ್ಲಿ ಕೂತಿದ್ದರು. "ಮಂಜುಳಾ, ಇವತ್ತ ಮೋಡ ಭಾಳ ಅದಾವೇನು?" ಎಂದು ಕೇಳಿದರು. ಬಿಸಿಲು ಚುರುಗುಟ್ಟುತ್ತಿತ್ತು. ನಾನು ಹೌದ್ರಿ ಎಂದೆ. ಎರಡು ದಿನ ಹಾಗೇ ಸುಳ್ಳು ಹೇಳಿದೆ, ಮೂರನೆಯ ದಿನ ಅವರು ಕೇಳಲಿಲ್ಲ.

ಈಗ ದಿನಾ ಹೋಗುತ್ತೇನೆ. ರೊಟ್ಟಿ ಬಡಿದುಕೊಟ್ಟು ಪೇಪರ್ ಓದುತ್ತೇನೆ. ಮಾತಾಡಿಸಲು ಬಂದವರಿಗೆಲ್ಲ ಬಾಯಿಯವರು "ಹೋಗ್ಲಿ ಬಿಡ್ರಿ, ನನ್ನ ಹಣೇಬರಹ" ಎನ್ನುತ್ತಾರೆ. ಅದನ್ನು ಕೇಳಿ ಕೇಳಿ ನನಗೆ ತಡೆಯಲಾಗಲಿಲ್ಲ. ಹೋದ ಸೋಮವಾರ ಪೇಪರ್ ಅರ್ಧಕ್ಕೇ ಮಡಚಿಟ್ಟೆ.

"ಬಾಯಾರ, ನಿಮ್ಮ ಕಾಲಿಗೆ ಬೀಳತೇನಿ, ನನಗ ಒಮ್ಮೆ ಬೈದುಬಿಡ್ರಿ."

ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

"ಬೈದರ ನೀ ಹಗುರಾಗ್ತಿ. ನಾ ಏನಾಗ್ಲಿ?" ಎಂದರು. "ಮಂದಿಗೆ ಹಣೇಬರಹ ಅಂತ ಹೇಳ್ತೀನಿ. ನೀ ನನ್ನ ಸಾಲಿ ಹುಡುಗಿ, ನಿನಗ ಸುಳ್ಳು ಹೇಳಲಿಕ್ಕೆ ಬರೂದಿಲ್ಲ. ಸಿಟ್ಟು ಹೋಗಿಲ್ಲ ಮಂಜುಳಾ. ಹೋಗೂದೂ ಇಲ್ಲ."

ನಾನು ಎದ್ದೆ. ಕಾಲಿನ ಸಪ್ಪಳ ಅವರಿಗೆ ಕೇಳಿಸಿತು.

"ಎಲ್ಲಿ ಹೊಂಟಿ? ಪೇಪರ್ ಇನ್ನೂ ಅರ್ಧ ಅದ. ನಿನ್ನ ಬಿಟ್ಟರ ನನಗ ಯಾರು ಓದಿ ಹೇಳ್ತಾರ? ಕೂಡು."

ಕೂತೆ. ಓದಿದೆ.